ಹಟಮಾರಿ ಹೊಟ್ಟೆಗೆ ವೆನಿಲ್ಲಾ ಏನು ಮಾಡೀತು?

ಸಿರಸಿಯಲ್ಲಿ ತೋಟಿಗರು ಮತ್ತು ಅವರ ಮನೆಮಂದಿಯ ಮುಂದೆ ಆಹಾರತಜ್ಞೆಯಾಗಿ ನಾನು ಆಡಿದ ಮಾತುಗಳ ಬರಹ ರೂಪವಿದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕುಳಿತವರಲ್ಲಿ ಅನೇಕರು ಒಂದು ಕಾಲಕ್ಕೆ ಅಡಿಕೆ ತೋಟದೊಳಗೆ ವೆನಿಲ್ಲಾ ಬಳ್ಳಿ ಹಬ್ಬಿಸಿದವರು. ಬೆಳಗಾಗುತ್ತಲೇ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುವ ಆ ಹೂವಿಗೆ ಸಣ್ಣ ಕಡ್ಡಿ ಹಿಡಿದು ಪರಾಗಸ್ಪರ್ಶ ಮಾಡಿದವರು. 2003–04ರ ಸುಮಾರಿಗೆ ಹಸಿ ಕೋಡಿಗೆ, ಅಂದರೆ ಬಳ್ಳಿಯ ಕಾಯಿಗೆ, ಕೆ.ಜಿ.ಗೆ ಮೂರು ಸಾವಿರ ರೂಪಾಯಿ ದಾಟಿದ್ದನ್ನು, ಕಳ್ಳರ ಭಯಕ್ಕೆ ರಾತ್ರಿಯಿಡೀ ತೋಟ ಕಾಯಬೇಕಾಗಿ ಬಂದದ್ದನ್ನು, ಮುಂದೆ ಕೆಲವೇ ವರ್ಷಗಳಲ್ಲಿ ಅದೇ ಕೋಡನ್ನು ಕೇಳುವವರೇ ಇಲ್ಲದಂತಾದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಬಳ್ಳಿಯ ಬುಡ ಕೊಳೆತು ತೋಟಗಳೇ ಬರಿದಾದದ್ದೂ ಆಗಲೇ. ಆ ನಷ್ಟದ ಕಥೆಯನ್ನು ನಿಮಗಿಂತ ಚೆನ್ನಾಗಿ ನಾನು ಹೇಳಲಾರೆ. ಹೊಟ್ಟೆಯ ವಿಷಯ ಮಾತ್ರ ಹೇಳುತ್ತೇನೆ.

ನನ್ನ ಬಳಿಗೆ ಬರುವವರಲ್ಲಿ ಎರಡು ಬಗೆಯವರಿದ್ದಾರೆ. ‘ವೆನಿಲ್ಲಾ ಹಾಕಿದ್ದನ್ನು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಅದು ನನಗೆ ಆಗುವುದಿಲ್ಲ’ ಎನ್ನುವವರು ಕೆಲವರು. ‘ವೆನಿಲ್ಲಾ ಕರುಳಿನ ಉರಿಯೂತಕ್ಕೆ ಒಳ್ಳೆಯದಂತೆ, ಮೊಬೈಲ್‌ನಲ್ಲಿ ನೋಡಿದೆ, ದಿನಾ ಎಷ್ಟು ತೆಗೆದುಕೊಳ್ಳಲಿ?’ ಎಂದು ಕೇಳುವವರು ಇನ್ನು ಕೆಲವರು. ಇಬ್ಬರಿಗೂ ನಾನು ಒಂದೇ ಮಾತು ಹೇಳುತ್ತೇನೆ: ತಟ್ಟೆಯಲ್ಲಿ ವೆನಿಲ್ಲಾದ ಜೊತೆಗೆ ಇನ್ನೇನಿದೆ ಎಂದು ನೋಡಿ. ಹೊಟ್ಟೆಯ ತೊಂದರೆಯ ಕಾರಣ ಬಹುಪಾಲು ಅಲ್ಲಿಯೇ ಇರುತ್ತದೆ. ಎಷ್ಟೋ ತಿನಿಸುಗಳನ್ನು ಬಿಟ್ಟು ಬಾಯಿ ಸಪ್ಪೆಯಾದವರಿಗೆ ವೆನಿಲ್ಲಾ ನಿಜವಾಗಿ ಉಪಕಾರ ಮಾಡಬಲ್ಲುದು ಎಂಬುದನ್ನೂ ಇವತ್ತು ಹೇಳಬೇಕೆಂದಿದ್ದೇನೆ.

ಮೊದಲು ಕೋಡಿನೊಳಗೆ ಏನಿದೆ ನೋಡೋಣ. ಹಸಿ ಕೋಡನ್ನು ಮುರಿದು ಮೂಸಿದರೆ ವೆನಿಲ್ಲಾದ ಪರಿಮಳ ಇರುವುದಿಲ್ಲ ಎಂಬುದು ನಿಮಗೆ ಗೊತ್ತು. ಪರಿಮಳದ ಮುಖ್ಯ ವಸ್ತುವಾದ ವೆನಿಲಿನ್ ಅದರಲ್ಲಿ ಸಕ್ಕರೆಯ ಅಣುವೊಂದಕ್ಕೆ ಅಂಟಿಕೊಂಡು ಗ್ಲೂಕೋವೆನಿಲಿನ್ ರೂಪದಲ್ಲಿರುತ್ತದೆ. ಕೋಡನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ಬಿಸಿಲಿಗೂ ನೆರಳಿಗೂ ಹಾಕಿ ತಿಂಗಳುಗಟ್ಟಲೆ ಸಂಸ್ಕರಿಸುವಾಗ ಕೋಡಿನದೇ ಕಿಣ್ವವೊಂದು ಆ ಬಂಧವನ್ನು ಕಡಿಯುತ್ತದೆ. ಆಗ ವೆನಿಲಿನ್ ಬಿಡುಗಡೆಯಾಗುತ್ತದೆ. ಚೆನ್ನಾಗಿ ಸಂಸ್ಕರಿಸಿದ ಕೋಡಿನ ತೂಕದಲ್ಲಿ ಅದು ಸುಮಾರು ಶೇ. 2ರಷ್ಟು ಮಾತ್ರ. ಉಳಿದಂತೆ ನಾರು, ಸ್ವಲ್ಪ ಸಕ್ಕರೆ, ಕೊಬ್ಬು, ತೇವಾಂಶ, ಮತ್ತು ಅತಿ ಸಣ್ಣ ಪ್ರಮಾಣದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಸುವಾಸನೆಯ ವಸ್ತುಗಳು.

ಈಗ ಲೆಕ್ಕ ಹಾಕಿ. ಒಂದು ಸಂಸ್ಕರಿತ ಕೋಡು ಮೂರು-ನಾಲ್ಕು ಗ್ರಾಂ ತೂಗಿದರೆ ಅದರಲ್ಲಿರುವ ವೆನಿಲಿನ್ 60ರಿಂದ 80 ಮಿಲಿಗ್ರಾಂ. ನಾಲ್ಕು ಜನರ ಪಾಯಸಕ್ಕೆ ಅರ್ಧ ಕೋಡು ಹಾಕಿದಿರಿ ಎನ್ನೋಣ. ಒಬ್ಬರ ಪಾಲಿಗೆ ಹತ್ತು ಮಿಲಿಗ್ರಾಂ ಬಂದರೆ ಹೆಚ್ಚು. ಇಷ್ಟು ಅಲ್ಪ ಪ್ರಮಾಣದಲ್ಲಿ ಕರುಳಿಗೆ ಹೊರೆಯಾಗುವಂಥದ್ದು ಏನೂ ಇಲ್ಲ. ವೆನಿಲಿನ್‌ನ ಸುರಕ್ಷಿತ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿಯು ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 10 ಮಿಲಿಗ್ರಾಂ ಎಂದು ನಿಗದಿ ಮಾಡಿದೆ. ಐವತ್ತು ಕೆ.ಜಿ. ತೂಕದವರಿಗೆ ಅದು 500 ಮಿಲಿಗ್ರಾಂ ಆಗುತ್ತದೆ. ನಮ್ಮ ಪಾಯಸ ಅದರ ಹತ್ತಿರಕ್ಕೂ ಬರುವುದಿಲ್ಲ.

ಔಷಧವೆಂದು ನಂಬಿದವರಿಗೂ ಇದೇ ಲೆಕ್ಕ ಉತ್ತರ. ಕರುಳಿನ ಉರಿಯೂತ ಉಂಟುಮಾಡಿದ ಇಲಿಗಳಿಗೆ ವೆನಿಲಿನ್ ಕೊಟ್ಟಾಗ ಉರಿಯೂತ ತಗ್ಗಿದ ಪ್ರಯೋಗಗಳು ನಡೆದಿರುವುದು ನಿಜ. ಆದರೆ ಅಲ್ಲಿ ದೇಹತೂಕದ ಪ್ರತಿ ಕೆ.ಜಿ.ಗೆ ಹತ್ತಾರು, ಕೆಲವೊಮ್ಮೆ ನೂರು ಮಿಲಿಗ್ರಾಂವರೆಗೆ ಕೊಡಲಾಗಿದೆ. ನೂರರ ಪ್ರಮಾಣವನ್ನು ನೇರವಾಗಿ ಐವತ್ತು ಕೆ.ಜಿ.ಯ ಮನುಷ್ಯನಿಗೆ ಹೊಂದಿಸಿದರೆ ಐದು ಗ್ರಾಂ ವೆನಿಲಿನ್, ಅಂದರೆ ಕಾಲು ಕೆ.ಜಿ. ಸಂಸ್ಕರಿತ ಕೋಡು ಒಂದೇ ದಿನಕ್ಕೆ ಬೇಕು! ಇಲಿಯಲ್ಲಿ ಕಂಡ ಫಲ ಮನುಷ್ಯನಲ್ಲಿ ಕಂಡೇ ತೀರುತ್ತದೆ ಎನ್ನುವ ಹಾಗೂ ಇಲ್ಲ. ವೆನಿಲ್ಲಾ ಬೆಳೆದವರ ಮುಂದೆ ನಿಂತು ‘ನಿಮ್ಮ ಬೆಳೆ ದಿವ್ಯೌಷಧ’ ಎಂದರೆ ಚಪ್ಪಾಳೆ ಸಿಗುತ್ತದೆ ಎಂದು ಗೊತ್ತು. ಆದರೆ ಆ ಮಾತು ನಂಬಿ ಕರುಳಿನ ಕಾಯಿಲೆಯ ಮಾತ್ರೆ ನಿಲ್ಲಿಸುವವರು ಇದ್ದಾರೆ. ಆ ಭಯದಿಂದಲೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಹಾಗಾದರೆ ‘ವೆನಿಲ್ಲಾ ತಿಂದರೆ ಹೊಟ್ಟೆ ಕೆಡುತ್ತದೆ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ, ಅವರ ಹೊಟ್ಟೆ ಕೆಟ್ಟಿರುವುದು ನಿಜ. ನಾನು ಅವರನ್ನು ಕೇಳುವುದು ಒಂದೇ ಪ್ರಶ್ನೆ: ವೆನಿಲ್ಲಾವನ್ನು ಯಾವುದರಲ್ಲಿ ತಿಂದಿರಿ? ಉತ್ತರ ಹೆಚ್ಚಾಗಿ ಮಿಲ್ಕ್‌ಶೇಕ್, ಐಸ್‌ಕ್ರೀಮ್, ಕಸ್ಟರ್ಡ್, ಕೇಕ್, ಬಿಸ್ಕತ್ತು. ಹಾಲು, ಗೋಧಿ, ಮೊಟ್ಟೆ, ಸಕ್ಕರೆ, ಎಲ್ಲವೂ ಅಲ್ಲಿ ಹಾಜರು. ಪರಿಮಳ ಮಾತ್ರ ನೆನಪಿನಲ್ಲಿ ಉಳಿಯುವುದರಿಂದ ಅಪವಾದವನ್ನು ವೆನಿಲ್ಲಾ ಹೊರುತ್ತದೆ.

ಹಾಲಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಜಿಲ್ಲೆಯ ಅರ್ಧ ಹೊಟ್ಟೆನೋವಿನ ಮೂಲ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಎನ್ನುತ್ತಾರೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಣ್ಣ ಕರುಳಿನಲ್ಲಿ ಹುಟ್ಟುತ್ತದೆ. ಎಳೆತನದಲ್ಲಿ ಧಾರಾಳವಾಗಿರುವ ಈ ಕಿಣ್ವ ಬೆಳೆದಂತೆ ಕಡಿಮೆಯಾಗುವುದು ಮನುಷ್ಯಕುಲದ ಹೆಚ್ಚಿನವರಲ್ಲಿ ಸಹಜ. ಜಗತ್ತಿನ ವಯಸ್ಕರಲ್ಲಿ ಮೂರನೇ ಎರಡು ಪಾಲು ಜನರ ಸ್ಥಿತಿ ಇದೇ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದಾಗ ನೀರನ್ನು ತನ್ನತ್ತ ಸೆಳೆಯುತ್ತದೆ, ಅಲ್ಲಿಯ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಗಾಳಿ ಹುಟ್ಟಿಸುತ್ತವೆ. ಉಬ್ಬರ, ಗುಡುಗುಡು ಸದ್ದು, ಭೇದಿ, ಎಲ್ಲವೂ ಇದರ ಫಲ.

ಲ್ಯಾಕ್ಟೋಸ್ ಆಗದವರು ಕೂಡ ಒಮ್ಮೆಗೆ ಸುಮಾರು 12 ಗ್ರಾಂವರೆಗೆ, ಅಂದರೆ ಒಂದು ದೊಡ್ಡ ಲೋಟ ಹಾಲಿನಷ್ಟು, ಹೆಚ್ಚಿನ ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ, ಊಟದ ಜೊತೆಗಾದರೆ ಇನ್ನೂ ಸುಲಭ. ಸಣ್ಣ ಕಪ್ ಐಸ್‌ಕ್ರೀಮ್‌ನಲ್ಲಿ ಅಷ್ಟು ಲ್ಯಾಕ್ಟೋಸ್ ಇರುವುದಿಲ್ಲ. ಆದರೆ ಅದೇ ಐಸ್‌ಕ್ರೀಮನ್ನು ಲೋಟದ ತುಂಬ ಹಾಲಿಗೆ ಹಾಕಿ ಮೇಲೆ ಹಾಲಿನ ಪುಡಿಯನ್ನೂ ಬೆರೆಸಿ ಕಡೆದ ವೆನಿಲ್ಲಾ ಮಿಲ್ಕ್‌ಶೇಕನ್ನು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಮಿತಿ ಸುಲಭವಾಗಿ ದಾಟುತ್ತದೆ. ಕಾರವಾರದ ಕಡಲತೀರದಲ್ಲಿ ಸಂಜೆ ಐಸ್‌ಕ್ರೀಮ್ ತಿಂದು ಸುಖವಾಗಿದ್ದವರು ಮರುದಿನ ಮಿಲ್ಕ್‌ಶೇಕ್ ಕುಡಿದು ನರಳಲು ಪ್ರಮಾಣವೇ ಕಾರಣ. ಇನ್ನೊಂದು ಮಾತು: ನಮ್ಮ ಕಾನೂನಿನ ಪ್ರಕಾರ ಐಸ್‌ಕ್ರೀಮ್ ಎಂದರೆ ಹಾಲಿನ ಕೊಬ್ಬಿನದು, ಸಸ್ಯದ ಎಣ್ಣೆ ಬಳಸಿದ್ದನ್ನು ಫ್ರೋಜನ್ ಡೆಸರ್ಟ್ ಎಂದೇ ಬರೆಯಬೇಕು. ಎರಡನೆಯದರಲ್ಲಿ ಹಾಲಿಲ್ಲ ಎಂದು ತಿಳಿದು ತಿನ್ನುವವರಿದ್ದಾರೆ. ಕೊಬ್ಬು ಮಾತ್ರ ಬೇರೆ, ಹಾಲಿನ ಪುಡಿ ಸಾಮಾನ್ಯವಾಗಿ ಅಲ್ಲಿಯೂ ಇರುತ್ತದೆ.

ಮಲೆನಾಡಿನ ಅಡುಗೆ ಈ ತೊಂದರೆಗೆ ಹಿಂದಿನಿಂದಲೇ ದಾರಿ ಕಂಡುಕೊಂಡಿದೆ ಎಂದು ನನಗೆ ಬೆರಗು. ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್‌ನ ಒಂದು ಭಾಗವನ್ನು ತಿಂದು ಹುಳಿ ಮಾಡುತ್ತವೆ. ಹೊಟ್ಟೆಗೆ ಹೋದ ಮೇಲೆ ಅವುಗಳದೇ ಕಿಣ್ವ ಇನ್ನಷ್ಟನ್ನು ಒಡೆಯುತ್ತದೆ. ಆ ಮೊಸರನ್ನು ಕಡೆದು, ನೀರು ಬೆರೆಸಿ, ಒಂದೆಲಗವನ್ನೋ ಶುಂಠಿಯನ್ನೋ ಅರೆದು ಹಾಕಿ ತಂಬುಳಿ ಮಾಡುವ ಹೊತ್ತಿಗೆ ಬಟ್ಟಲಿನಲ್ಲಿ ಉಳಿಯುವ ಲ್ಯಾಕ್ಟೋಸ್ ತೀರಾ ಕಡಿಮೆ. ತುಪ್ಪದಲ್ಲಂತೂ ಇಲ್ಲವೆಂದೇ ಹೇಳಬೇಕು. ಹಾಲು ಹಾಕಿದ ಕಷಾಯ ಕುಡಿದರೆ ಹೊಟ್ಟೆ ಗುಡುಗುಡು ಎನ್ನುವ ಅಜ್ಜಿಗೆ ತಂಬುಳಿ ನಿರಾತಂಕವಾಗಿ ಆಗಿಬರುವುದು ಇದರಿಂದ.

ಇಲ್ಲಿ ಒಂದು ಭೇದ ತಿಳಿದಿರಬೇಕು. ಲ್ಯಾಕ್ಟೋಸ್ ಆಗದಿರುವುದು ಬೇರೆ, ಹಾಲಿನ ಅಲರ್ಜಿ ಬೇರೆ. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಹಾಲಿನ ಪ್ರೋಟೀನಿನ ಮೇಲೆ ಎರಗುತ್ತದೆ. ದದ್ದು, ತುಟಿ ಊತ, ವಾಂತಿ, ಉಸಿರುಗಟ್ಟುವಿಕೆ ಬರಬಹುದು, ಒಂದು ಚಮಚವೂ ಸಾಕಾಗಬಹುದು. ಅಂಥವರಿಗೆ ಮಜ್ಜಿಗೆಯೂ ಸಲ್ಲದು. ಸೀಲಿಯಾಕ್ ಕಾಯಿಲೆ ಮೂರನೆಯ ಬಗೆ: ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದಾಗ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಗೋಧಿಯೇ ಮುಖ್ಯ ಆಹಾರವಾದ ಉತ್ತರ ಭಾರತದಲ್ಲಿ ಇದು ಹೆಚ್ಚು, ಅಕ್ಕಿ ಉಣ್ಣುವ ನಮ್ಮಲ್ಲಿ ಕಡಿಮೆ. ಕಡಿಮೆ ಎಂಬ ಕಾರಣಕ್ಕೇ ಯಾರೂ ಅನುಮಾನಪಡದೆ, ಹಾಳಾದ ಕರುಳು ಕಬ್ಬಿಣ ಹೀರದೆ ಬಂದ ರಕ್ತಹೀನತೆಗೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುತ್ತಾ ಇರುವವರೂ ಸಿಗುತ್ತಾರೆ. ಈ ಮೂರಕ್ಕೂ ವೆನಿಲ್ಲಾ ಕೋಡು ತಾನಾಗಿ ಕಾರಣವಲ್ಲ. ಅದರಲ್ಲಿ ಲ್ಯಾಕ್ಟೋಸ್ ಇಲ್ಲ, ಹಾಲಿನ ಪ್ರೋಟೀನ್ ಇಲ್ಲ, ಗ್ಲುಟೆನ್ ಇಲ್ಲ.

ಗೋಧಿ ಬಿಟ್ಟವರಿಗೆ ಒಂದು ಎಚ್ಚರಿಕೆ, ವೆನಿಲ್ಲಾಕ್ಕಿಂತ ಇದು ಮುಖ್ಯ. ಅಂಗಡಿಯಲ್ಲಿ ಸಿಗುವ ಕೂಟು (ಹಿಟ್ಟು ಬೆರೆಸಿದ) ಇಂಗಿನಲ್ಲಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುವುದು ಸಾಮಾನ್ಯ. ಬಿಸ್ಕತ್ತನ್ನು ಬಿಟ್ಟು, ಸಾರಿನ ಒಗ್ಗರಣೆಯಲ್ಲಿ ದಿನವೂ ಗೋಧಿ ತಿನ್ನುವವರು ಹೀಗೆ ಉಳಿದುಬಿಡುತ್ತಾರೆ. ಬಾರ್ಲಿಯ ಮಾಲ್ಟ್ ಇರುವ ಪೇಯಗಳೂ ಅಷ್ಟೇ, ಮೇಲೆ ‘ವೆನಿಲ್ಲಾ’ ಎಂದು ಬರೆದಿದ್ದರೂ ಒಳಗಿರುವುದು ಬಾರ್ಲಿಯೇ.

ಪರೀಕ್ಷೆಗಳೆಲ್ಲ ಸರಿಯಿದ್ದೂ ಹೊಟ್ಟೆ ಹಟ ಹಿಡಿಯುವವರು ಬಹಳ ಮಂದಿ. ಅಂಥವರಿಗೆಂದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಆಹಾರಕ್ರಮಕ್ಕೆ ಲೋ ಫಾಡ್‌ಮ್ಯಾಪ್ ಎಂಬ ಹೆಸರಿದೆ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ ದೊಡ್ಡ ಕರುಳಿನಲ್ಲಿ ಹುಳಿಯುವ ಕೆಲವು ಸಕ್ಕರೆಗಳನ್ನು ಎರಡರಿಂದ ಆರು ವಾರ ಕಡಿಮೆ ಮಾಡಿ, ಆಮೇಲೆ ಒಂದೊಂದನ್ನೇ ಮರಳಿ ತಂದು ಯಾವುದು ಆಗುವುದಿಲ್ಲ ಎಂದು ಗುರುತಿಸುವುದು ಅದರ ಕ್ರಮ. ನಮ್ಮ ಜಿಲ್ಲೆಗೆ ಇದನ್ನು ಹೊಂದಿಸಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಹೆದ್ದಾರಿಯ ಬದಿಗೆ ಗೊಂಚಲು ಗೊಂಚಲಾಗಿ ತೂಗುವ ಕುಮಟೆಯ ಸಿಹಿ ಈರುಳ್ಳಿ, ಕರಾವಳಿಯ ಗೋಡಂಬಿ, ಅಂಕೋಲೆಯ ಕರಿ ಈಶಾಡ ಮಾವು, ಎಲ್ಲವೂ ಆ ವಾರಗಳಲ್ಲಿ ದೂರ. ಅಕ್ಕಿ, ಮೀನು, ಮೊಟ್ಟೆ, ಸೌತೆ, ಶುಂಠಿ ಉಳಿಯುತ್ತವೆ. ಅಡುಗೆಗೆ ಬಳಸುವಷ್ಟು ವೆನಿಲ್ಲಾ ಕೂಡ ಉಳಿಯುವ ಪಟ್ಟಿಯಲ್ಲಿಯೇ ಇದೆ.

ಬೇಳೆ, ಈರುಳ್ಳಿ, ಹಾಲು, ಗೋಧಿ ಎಲ್ಲಕ್ಕೂ ಬೇಲಿ ಹಾಕಿಕೊಂಡವರ ಊಟ ಎಷ್ಟು ನೀರಸವಾಗುತ್ತದೆ ಎಂದು ಅನುಭವಿಸಿದವರೇ ಬಲ್ಲರು. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದೇ ಊಟ ಮುಗಿಸುವವರನ್ನು ನೋಡಿ ನನಗೆ ಸಂಕಟವಾಗುತ್ತದೆ. ಅಂಥವರಿಗೆ ಪರಿಮಳ ದೊಡ್ಡ ಆಸರೆ. ವೆನಿಲ್ಲಾ ಪರಿಮಳ ಸೇರಿದರೆ ಅದೇ ಪ್ರಮಾಣದ ಸಕ್ಕರೆ ನಾಲಿಗೆಗೆ ಹೆಚ್ಚು ಸಿಹಿಯಾಗಿ ತೋರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹೀಗಾಗಿ ಸಿಹಿ ಕಡಿಮೆ ಮಾಡಿಯೂ ಪಾಯಸ ಪಾಯಸವಾಗಿಯೇ ಉಳಿಯುತ್ತದೆ.

ನಾನು ಹೇಳಿಕೊಡುವ ವಿಧಾನ ಸರಳ. ಸಣ್ಣಕ್ಕಿಯನ್ನು ಮೆತ್ತಗೆ ಬೇಯಿಸಿ. ತೆಳುವಾದ ಕಾಯಿಹಾಲಿನಲ್ಲಿ ಅರ್ಧ ಕೋಡನ್ನು ಉದ್ದಕ್ಕೆ ಸೀಳಿ, ಒಳಗಿನ ಕರಿ ಬೀಜಗಳನ್ನು ಚಾಕುವಿನ ಬೆನ್ನಿನಿಂದ ಕೆರೆದು ಹಾಕಿ, ಸಿಪ್ಪೆಯನ್ನೂ ಬಿಟ್ಟು, ಸಣ್ಣ ಉರಿಯಲ್ಲಿ ಕುದಿಯಲು ಬಿಡದೆ ಬಿಸಿ ಮಾಡಿ. ಬೆಲ್ಲ ಮಾಮೂಲಿಗಿಂತ ಕಡಿಮೆ, ಚಿಟಿಕೆ ಉಪ್ಪು, ಕೊನೆಗೆ ಒಂದು ಸುತ್ತು ದಪ್ಪ ಕಾಯಿಹಾಲು. ಗೋಡಂಬಿ ಬೇಡ. ಮೊದಲ ಸಲ ಸಣ್ಣ ಬಟ್ಟಲಿನಲ್ಲಿ ತಿಂದು ನೋಡಿ, ಕಾಯಿಹಾಲಿನ ಕೊಬ್ಬು ಹೆಚ್ಚಾದರೆ ಕೆಲವರಿಗೆ ಭಾರವೆನ್ನಿಸುತ್ತದೆ. ಸಿಪ್ಪೆಯನ್ನು ಎಸೆಯಬೇಡಿ, ತೊಳೆದು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಘಮಘಮಿಸುತ್ತದೆ.

ಬಾಟಲಿಯ ಎಸೆನ್ಸ್ ಬಗ್ಗೆ ಎರಡು ಮಾತು. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ರಸಾಯನಶಾಸ್ತ್ರಜ್ಞರು ಪೈನ್ ಜಾತಿಯ ಮರಗಳಲ್ಲಿ ಸಿಗುವ ವಸ್ತುವಿನಿಂದ ವೆನಿಲಿನ್ ತಯಾರಿಸಿದರು. ಇಂದು ಜಗತ್ತು ಬಳಸುವ ವೆನಿಲಿನ್‌ನಲ್ಲಿ ಕೋಡಿನಿಂದ ಬರುವುದು ಶೇ. 1ಕ್ಕಿಂತ ಕಡಿಮೆ, ಉಳಿದದ್ದರಲ್ಲಿ ಹೆಚ್ಚಿನದು ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ತಯಾರಾಗುತ್ತದೆ. ಕಾರ್ಖಾನೆಯದಾಗಲಿ ತೋಟದ್ದಾಗಲಿ ವೆನಿಲಿನ್‌ನ ಅಣು ಒಂದೇ, ಕರುಳಿಗೆ ಭೇದ ತಿಳಿಯುವುದಿಲ್ಲ. ಬೆಳೆಗಾರರಾದ ನಿಮಗೆ ಇದು ಇಷ್ಟವಾಗದಿರಬಹುದು, ಆದರೂ ಕೃತಕವೆಂಬ ಕಾರಣಕ್ಕೆ ಅದು ಹೊಟ್ಟೆ ಕೆಡಿಸುತ್ತದೆ ಎಂದು ನಾನು ಹೇಳಲಾರೆ. ರುಚಿಯ ಆಳದಲ್ಲಿ ಮಾತ್ರ ಕೋಡಿಗೆ ಸಾಟಿಯಿಲ್ಲ. ಹಟಮಾರಿ ಹೊಟ್ಟೆಯವರು ನೋಡಬೇಕಾದದ್ದು ‘ಸಕ್ಕರೆರಹಿತ’ ಎಂಬ ಹಣೆಪಟ್ಟಿಯ ವೆನಿಲ್ಲಾ ತಿನಿಸುಗಳನ್ನು. ಅವುಗಳಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್ ಎಂಬ ಸಿಹಿಕಾರಕಗಳು ಇದ್ದರೆ ಉಬ್ಬರ, ಭೇದಿ ಬರಬಹುದೆಂದೇ ತಿಳಿಯಿರಿ. ಇನ್ಯುಲಿನ್ ಎಂಬ ನಾರು ಸೇರಿಸಿದ್ದರೂ ಕೆಲವರಿಗೆ ಗಾಳಿಯ ಕಾಟ. ಹಾಲು, ಗ್ಲುಟೆನ್ ಇರುವ ಧಾನ್ಯ, ಮೊಟ್ಟೆ, ಶೇಂಗಾ, ಸೋಯಾ ಇತ್ಯಾದಿ ಇದ್ದರೆ ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ಹೇಳಲೇಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಅಕ್ಷರ ಸಣ್ಣದಿರುತ್ತದೆ, ಮೊಬೈಲ್‌ನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ಓದಿ.

ಇನ್ನೊಂದು ವಿಷಯವನ್ನು ಖಡಕ್ಕಾಗಿ ಹೇಳುತ್ತೇನೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಿದ್ದರೆ, ರಕ್ತಹೀನತೆ ವಾಸಿಯಾಗದಿದ್ದರೆ, ಐವತ್ತು ದಾಟಿದ ಮೇಲೆ ಹೊಸದಾಗಿ ತೊಂದರೆ ಶುರುವಾಗಿದ್ದರೆ, ಆಹಾರ ಬದಲಿಸುತ್ತಾ ಕೂರಬೇಡಿ, ವೈದ್ಯರಲ್ಲಿಗೆ ಹೋಗಿ. ಸೀಲಿಯಾಕ್ ಅನುಮಾನವಿದ್ದರೆ ರಕ್ತಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲಿ ಈ ಕಾಯಿಲೆಯ ಗುರುತಾದ ಪ್ರತಿಕಾಯ ಇಳಿದು, ಕಾಯಿಲೆಯಿದ್ದೂ ಇಲ್ಲವೆಂಬ ವರದಿ ಬರಬಹುದು.

ಇನ್ನು ಪ್ರಶ್ನೆಗಳು.

‘ಮಗುವಿನ ಗಂಜಿಗೆ ವೆನಿಲ್ಲಾ ಹಾಕಬಹುದೇ?’ ಎಂದು ಒಬ್ಬ ತಾಯಿ ಕೇಳಿದರು. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ಆಮೇಲೆ ಒಂದು ಚೂರು ಕೋಡಿನ ಪರಿಮಳದಿಂದ ಹಾನಿಯಿಲ್ಲ. ಆದರೆ ವೆನಿಲ್ಲಾದ ನೆಪದಲ್ಲಿ ಸಕ್ಕರೆ ಸೇರಿಸುವುದು ಎರಡು ವರ್ಷದವರೆಗೆ ಬೇಡ. ಆಲ್ಕೋಹಾಲ್‌ನಲ್ಲಿ ತೆಗೆದ ಸಾರವನ್ನು ಮಗುವಿನ ತಣ್ಣನೆಯ ಆಹಾರಕ್ಕೆ ಹನಿಸಬೇಡಿ. ಅಮೆರಿಕದ ಮಾನದಂಡದಂತೆ ವೆನಿಲ್ಲಾ ಸಾರದಲ್ಲಿ ಕನಿಷ್ಠ ಶೇ. 35 ಆಲ್ಕೋಹಾಲ್ ಇರುತ್ತದೆ.

‘ಏಲಕ್ಕಿ ಇರುವಾಗ ವೆನಿಲ್ಲಾ ಯಾಕೆ?’ ಎಂದು ಹಿರಿಯರೊಬ್ಬರು ಕೇಳಿದರು. ಏಲಕ್ಕಿ ಆಗಿಬರುವವರು ಏಲಕ್ಕಿಯನ್ನೇ ಹಾಕಿ, ಹೊಟ್ಟೆಯ ದೃಷ್ಟಿಯಿಂದ ಇವೆರಡರ ನಡುವೆ ಪಂದ್ಯವಿಲ್ಲ. ಬಳ್ಳಿ ಮನೆಯ ಹಿತ್ತಿಲಲ್ಲೇ ಉಳಿದಿದ್ದರೆ ಅದರ ನಾಲ್ಕು ಕೋಡು ಮನೆಯ ಅಡುಗೆಗೆ ಬರಲಿ ಎಂಬುದು ನನ್ನ ಆಸೆ.

ಕೊನೆಯ ಪ್ರಶ್ನೆ ಒಬ್ಬ ಬೆಳೆಗಾರರದು: ‘ಬಳ್ಳಿ ಕತ್ತರಿಸುವಾಗ ರಸ ತಾಗಿ ಕೈಯೆಲ್ಲ ತುರಿಕೆ ಬರುತ್ತದೆ. ನಾನು ವೆನಿಲ್ಲಾ ತಿನ್ನಬಹುದೇ?’ ಬಳ್ಳಿಯ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ಕೆಸುವಿನಲ್ಲಿ ಇರುವಂಥವೇ. ಅವು ಚರ್ಮವನ್ನು ಚುಚ್ಚಿ ತುರಿಸುತ್ತವೆ. ಅದು ಆಹಾರದ ಅಲರ್ಜಿಯಲ್ಲ, ಸಂಸ್ಕರಿಸಿದ ಕೋಡನ್ನು ತಿನ್ನಲು ಅಡ್ಡಿಯಿಲ್ಲ. ಕೈಗವಸು ಹಾಕಿಕೊಂಡು ಕೆಲಸ ಮಾಡಿ. ಆದರೆ ಸಂಸ್ಕರಿತ ಕೋಡು ಮುಟ್ಟಿದರೂ ಕಜ್ಜಿಯಂತೆ ಏಳುವುದು, ಸುಗಂಧದ ಮುಲಾಮು, ಅತ್ತರು ತಾಗಿದಾಗಲೂ ಹಾಗೆಯೇ ಆಗುವುದು ಇದ್ದರೆ ಅದು ಚರ್ಮದ ಸಂಪರ್ಕ ಅಲರ್ಜಿ ಇರಬಹುದು. ಪೆರುವಿನ ಬಾಲ್ಸಂ ಎಂಬ ಅಂಟಿಗೆ ಅಲರ್ಜಿ ಇರುವ ಕೆಲವರಿಗೆ ವೆನಿಲ್ಲಾ ತಿಂದರೂ ಚರ್ಮ ಕೆರಳುತ್ತದೆ, ಏಕೆಂದರೆ ಆ ಅಂಟಿನಲ್ಲಿಯೂ ವೆನಿಲಿನ್ ಇದೆ. ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯಿಂದ ಇದನ್ನು ಗುರುತಿಸುತ್ತಾರೆ. ಪರೀಕ್ಷೆಗೆ ಹೋಗುವ ಮೊದಲು ಯಾವ ಮುಲಾಮು, ಯಾವ ಮಾತ್ರೆ ಬಳಸುತ್ತಿದ್ದೀರಿ ಎಂದು ಅವರಿಗೆ ತಿಳಿಸಿ, ಕೆಲವನ್ನು ನಿಲ್ಲಿಸಬೇಕಾಗುತ್ತದೆ.